ಪಿನಿಯನ್ನಿಗೆ ಸಿಂಧೂರ

ಬಹಳ ಹಿಂದೆ, ಬೀದರ ಕೋಟೆಯ ಕಲ್ಲಿಗೆ ಇನ್ನೂ ಕೆಂಪು ಹತ್ತುವ ಮೊದಲು, ಒಬ್ಬ ರಾಜಕುಮಾರನ ಬಳಿ ಒಂದು ಕೆಂಪು ಕುದುರೆ ಇತ್ತಂತೆ. ನಿಂತಾಗ ಸುಮ್ಮನಿರುತ್ತಿತ್ತು, ಓಡಿದಾಗ ಅಳುತ್ತಿತ್ತು. ಅದರ ಅಳು ನಿಲ್ಲಿಸಿದವರು ಏನು ಕೇಳಿದರೂ ಕೊಡುತ್ತೇನೆಂದು ರಾಜಕುಮಾರ ಡಂಗುರ ಹೊಡೆಸಿದ. ವೈದ್ಯರು ಬಂದರು, ಮಾಟಗಾರರು ಬಂದರು. ಕೊನೆಗೊಬ್ಬ ಹುಡುಗಿ ಬಂದಳು.

ನಮ್ಮ ಅಜ್ಜಿ ಅಂಜನಾಬಾಯಿ ಹೇಳಿದ್ದರೆ, ಇಲ್ಲಿಂದ ಮುಂದೆ ಆ ಹುಡುಗಿ ಕುದುರೆಯ ಕಿವಿಯಲ್ಲೊಂದು ಹಾಡು ಹೇಳುತ್ತಿದ್ದಳು, ಮಲ್ಲಿಗೆ ಮಳೆ ಸುರಿಯುತ್ತಿತ್ತು. ಔರಾದ ತಾಲೂಕಿನ ಡಾಬಕಾದಿಂದ ಭಾಲ್ಕಿಗೆ ಮದುವೆಯಾಗಿ ಬರುವಾಗ ಅಜ್ಜಿ ಟ್ರಂಕಿನಲ್ಲಿ ಸೀರೆಗಿಂತ ಕಥೆಗಳನ್ನೇ ಹೆಚ್ಚು ತುಂಬಿಕೊಂಡು ಬಂದವಳು. ಆದರೆ ಇದನ್ನು ಹೇಳುತ್ತಿರುವವಳು ನಾನು, ಅವಳ ಮೊಮ್ಮಗಳು ಚಂದ್ರಭಾಗಾ. ನನಗಿನ್ನೂ ಸಿಟ್ಟು ಪೂರ್ತಿ ಇಳಿದಿಲ್ಲ. ಆದ್ದರಿಂದ ನನ್ನ ಕಥೆಯಲ್ಲಿ ಕುದುರೆ ಎಂದರೆ ಒಂದು ಹಳೆಯ ಸ್ಪೋರ್ಟ್ಸ್ ಕಾರು, ರಾಜಕುಮಾರ ಮದುವೆ ಫೋಟೋ ತೆಗೆಯುವವನು, ಹುಡುಗಿಯ ಕೈತುಂಬ ಗ್ರೀಸು.

ಬೀದರದಲ್ಲಿ ಕೊಳಾರಕ್ಕೆ ಹೋಗುವ ರಸ್ತೆಯ ಮೇಲೆ ಲಾಲ ಅಹ್ಮದ ಚಾಚಾನ ಗ್ಯಾರೇಜು. ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಗೇರಿನ ಕೆಲಸಕ್ಕೆ ಸೇರಿದ್ದೆ, ಭಾಲ್ಕಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮಳೆಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ, ದೂರದಿಂದಲೇ ಕೇಳುವ ಹಾಗೆ ಊಂ... ಎಂದು ಅಳುತ್ತ ಆ ಕಾರು ಬಂತು. ಎರಡೇ ಸೀಟು, ಮೇಲೆ ಹೊದಿಕೆ ಇಲ್ಲ, ಉದ್ದ ಮೂತಿ, ಕುಂಕುಮದ ಬಣ್ಣ. ಹೈದರಾಬಾದಿನ ಯಾವುದೋ ಹವೇಲಿಯ ಶೆಡ್ಡಿನಲ್ಲಿ ಕೋಳಿ ಕೂರುತ್ತಿದ್ದ ಕಾರಂತೆ ಅದು. ಔರಾದದ ರವಿಕಿರಣ ಅದನ್ನು ತಂದು ಮದುಮಕ್ಕಳ ಮೆರವಣಿಗೆಗೆ ಓಡಿಸುತ್ತಿದ್ದ. ಈಗ ಆ ಅಳು ಎಲ್ಲರ ಮದುವೆ ವಿಡಿಯೋದಲ್ಲೂ ಸೇರಿಕೊಳ್ಳುತ್ತಿತ್ತು.

ಅವನು ಇಳಿದು ನನ್ನ ತಲೆಯ ಮೇಲಿಂದ ಒಳಗೆ ನೋಡಿದ. ರೆಪ್ಪೆಯ ಮೇಲೆಲ್ಲ ರಸ್ತೆಯ ಧೂಳು. ಚಂದದ ರೆಪ್ಪೆ ಎಂದು ನನಗೆ ಆಗಲೇ ಅನ್ನಿಸಿತು. ಅದಕ್ಕೂ ಸಿಟ್ಟು ಬಂತು.

"ಇಲ್ಲಿ ಮಿಸ್ತ್ರಿ ಯಾರದಾರ್ರಿ?"

"ನಾನೇ."

"ಅಲ್ಲರಿ, ಮಿಸ್ತ್ರಿ..."

"ಆ ಸದ್ದಿನಾಗ ಕಿವಿ ಹೋಗ್ಯಾವೇನು ನಿಮ್ಮವು? ನಾನೇ ಅಂದೆ."

ಅವನು ನಗಲಿಲ್ಲ. ನಕ್ಕಿದ್ದರೆ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎಸೆಯುತ್ತಿದ್ದೆ. ಒಂದು ಹೆಜ್ಜೆ ಹಿಂದೆ ಸರಿದು, ಮಾಲಿಕನಿಗೆ ಕೊಡುವಂತೆ ಎರಡೂ ಕೈಯಿಂದ ಕೀಲಿ ಕೊಟ್ಟ. "ತಪ್ಪಾಯ್ತು ಮಿಸ್ತ್ರಿಬಾಯಿ" ಎಂದ. ಆ ಹೆಸರು ಅವತ್ತಿನಿಂದ ಹತ್ತಿಕೊಂಡಿತು.

ಸದ್ದು ಹಿಂದಿನ ಡಿಫರೆನ್ಶಿಯಲ್ಲಿನದು. ಎಂಜಿನ್ನಿನ ತಿರುಗುವ ಬಲ ಉದ್ದ ಶಾಫ್ಟಿನಲ್ಲಿ ಹಿಂದಕ್ಕೆ ಬಂದು, ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯಿಂದ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಗೆ ಸಿಕ್ಕಿ, ಅಲ್ಲಿಂದ ಎರಡು ಚಕ್ರಕ್ಕೆ ಹಂಚಿಹೋಗುತ್ತದೆ. ಆ ಎರಡರ ಹಲ್ಲು ಕೂದಲೆಳೆಯಷ್ಟು ಆಚೀಚೆ ಕೂತರೂ ಕಾರು ಅಳುತ್ತದೆ. ನಡುವೆ ತೆಳ್ಳನೆಯ ತಗಡಿನ ಬಳೆಗಳನ್ನಿಟ್ಟು ಸರಿಮಾಡಬೇಕು. ಶಿಮ್ ಎನ್ನುತ್ತೇವೆ ಅದಕ್ಕೆ.

ನಾನು ನಿಲ್ಲಿಸಿಕೊಡುತ್ತೇನೆ ಎಂದೆ. ಎಲ್ಲರೆದುರು ಎಂದೆ. ಸುದ್ದಿ ಭಾಲ್ಕಿಯ ನಮ್ಮ ಮನೆಗೆ ನನಗಿಂತ ಮೊದಲು ಮುಟ್ಟಿತ್ತು.

ಅಪ್ಪನ ಹೆಸರು ದತ್ತಾತ್ರಿ. ಭಾಲ್ಕಿಯ ಗಂಜ್ ಮಾರುಕಟ್ಟೆಯಲ್ಲಿ ಹಗ್ಗ, ತಾಡಪತ್ರಿ ಮಾರುವ ಅಂಗಡಿ. ಮಗಳು ಕಾರಿನ ಹೊಟ್ಟೆಯ ಕೆಳಗೆ ಮಲಗುವುದು ಅವನಿಗೆ ಹಗಲೂ ರಾತ್ರಿ ಚುಚ್ಚುತ್ತಿತ್ತು. ಉದಗೀರದ ಒಂದು ಸಂಬಂಧ ಬಂದಿತ್ತು, ಅವರಿಗೆ ಮನೆಯಲ್ಲಿರುವ ಸೊಸೆ ಬೇಕಿತ್ತು. ಅವತ್ತು ರಾತ್ರಿ ಊಟದ ಮುಂದೆ ಅಪ್ಪ ಕರಾರು ಹಾಕಿದ. ದಿವಾಳಿ ಹಬ್ಬದೊಳಗೆ ಆ ಸದ್ದು ನಾನೊಬ್ಬಳೇ ನಿಲ್ಲಿಸಬೇಕು, ಬೇರೆಯವರ ಕೈ ಹತ್ತಬಾರದು. ನಿಲ್ಲಿಸಿದರೆ ಕೆಲಸದ ಬಗ್ಗೆ ಅವನು ಸಾಯುವವರೆಗೆ ಮಾತೆತ್ತುವುದಿಲ್ಲ, ಉದಗೀರದವರಿಗೂ ಇಲ್ಲ ಎನ್ನುತ್ತಾನೆ. ನಿಲ್ಲದಿದ್ದರೆ ಪಾನಾ ಕೆಳಗಿಟ್ಟು ಸೀರೆ ಉಟ್ಟು ಅವರೆದುರು ಕೂರಬೇಕು.

"ಮಾತು ಅಂದ್ರ ಮಾತು" ಎಂದ ಅಪ್ಪ. ನಾನೂ ಅದನ್ನೇ ಎಂದೆ. ಅಜ್ಜಿ ಮಾತ್ರ ಕಣ್ಣರಳಿಸಿ ಕೂತಿದ್ದಳು, ಅವಳದೇ ಕಥೆ ಅಂಗಳಕ್ಕೆ ಬಂದು ನಿಂತ ಹಾಗೆ.

ಮೊದಲ ಸಲ ಬೇರಿಂಗ್ ಬದಲಿಸಿ, ಪುಸ್ತಕದಲ್ಲಿದ್ದ ಅಳತೆಗೆ ಶಿಮ್ ಕೂರಿಸಿದೆ. ಎಕ್ಸಿಲೇಟರ್ ಒತ್ತಿದಾಗಿನ ಅಳು ನಿಂತು, ಕಾಲು ಬಿಟ್ಟಾಗಿನ ಅಳು ಶುರುವಾಯಿತು. ರವಿಕಿರಣ ಔರಾದದಿಂದ ಬಸ್ಸು ಹಿಡಿದು ಬರುತ್ತಿದ್ದ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದ. ನೋಡಬೇಡಿ ಎಂದರೆ ಕಾರನ್ನು ನೋಡುತ್ತಿದ್ದೇನೆ ಎನ್ನುತ್ತಿದ್ದ. ಕಾರು ಆ ಕಡೆ ಇರುತ್ತಿತ್ತು. ನಾನು ಈ ಕಡೆ.

ಎರಡನೆಯ ಸಲವೂ ಸದ್ದು ಹೋಗಲಿಲ್ಲ. ಪಕ್ಕದ ಟೈರ್ ಅಂಗಡಿಯವರು ಮೆರವಣಿಗೆಗೆ ಇನ್ನು ಬ್ಯಾಂಡ್ ಬೇಡವೆಂದು ಹಂಗಿಸಿದರು. ನಾನು ಗ್ಯಾರೇಜಿನ ಹಿಂದೆ ನೀರಿನ ಟ್ಯಾಂಕಿನ ಮರೆಗೆ ಹೋಗಿ ಮುಖ ತೊಳೆದು ಬಂದೆ. ಅವತ್ತು ರವಿಕಿರಣ ಕಾರು ತೆಗೆದುಕೊಂಡು ಹೋದ, ಔರಾದದಲ್ಲೊಂದು ಮದುವೆ ಇತ್ತು.

ಮದುವೆ ಮುಗಿಸಿ ಅವನು ಮರಳಿದಾಗ ಕಾರು ಗ್ಯಾರೇಜಿನೊಳಗೆ ಬಂದದ್ದೇ ನಮಗೆ ಗೊತ್ತಾಗಲಿಲ್ಲ. ಸದ್ದೇ ಇಲ್ಲ. ಓಡಿ ಓಡಿ ಹಲ್ಲು ತಾವೇ ಕೂತವು, ನಿಮ್ಮ ಕೈಗುಣ, ಎಂದ. ನಾನು ನಂಬಿದೆ. ಯಾಕೆ ನಂಬಬಾರದು? ಟೈರ್ ಅಂಗಡಿಯವರಿಗೆ ಪೇಡೆ ಹಂಚಿದೆ. ಅಪ್ಪನನ್ನು ಕೂರಿಸಿಕೊಂಡು ಭಾಲ್ಕಿಯಲ್ಲಿ ಒಂದು ಸುತ್ತು ಹಾಕಿದೆ. ಅಪ್ಪ ಇಳಿದು ನನ್ನ ತಲೆಯ ಮೇಲೆ ಕೈ ಇಟ್ಟ. ಅಷ್ಟು ದೊಡ್ಡವಳಾದ ಮೇಲೆ ಅವನು ನನ್ನ ತಲೆ ಮುಟ್ಟಿದ್ದು ಅದೇ ಮೊದಲು.

ಡಿಫರೆನ್ಶಿಯಲ್ಲಿನ ಎಣ್ಣೆ ಬದಲಿಸಲೆಂದು ಆಮೇಲೊಂದು ದಿನ ಕಾರನ್ನು ಮೇಲೆತ್ತಿದೆ. ಕೆಳಗಿನ ಬಿರಡೆ ತೆಗೆದರೆ ಎಣ್ಣೆ ಹರಿಯಲಿಲ್ಲ. ಬೆರಳು ಹಾಕಿ ಎಳೆದೆ. ಅಂಬಲಿಯ ಹಾಗೆ ಗಟ್ಟಿಯಾದದ್ದು ಬಂತು. ಮೂಸಿದೆ, ಬಡಗಿಯ ಅಂಗಡಿಯ ವಾಸನೆ.

ಚಾಚಾ ಬಗ್ಗಿ ನೋಡಿ ತುಟಿ ಕಚ್ಚಿಕೊಂಡ. "ಬುರಾದಾ ಹೈ ಬೇಟಾ" ಎಂದ. ಕಟ್ಟಿಗೆ ಕೊಯ್ಯುವಾಗ ಉದುರುವ ಪುಡಿ. ಹಾಳಾದ ಲಾರಿ ಮಾರುವವರು ಎಣ್ಣೆಯಲ್ಲಿ ಕಲಸಿ ಹೌಸಿಂಗಿಗೆ, ಗೇರು ಕೂರುವ ಪೆಟ್ಟಿಗೆಗೆ, ತುಂಬುತ್ತಾರೆ, ಕೊಳ್ಳುವವನು ಮನೆ ಮುಟ್ಟುವವರೆಗೆ ಗೇರು ಕೂಗುವುದಿಲ್ಲ. ಆಮೇಲೆ ಬೇರಿಂಗನ್ನು ತಿಂದುಹಾಕುತ್ತದೆ.

ರವಿಕಿರಣ ಎಂದಿನಂತೆ ಬಂದ, ಸ್ಟೂಲು ಎಳೆದುಕೊಂಡ. ನಾನು ಆ ಮುದ್ದೆಯನ್ನು ತಗಡಿನ ಮೇಲೆ ಹಾಕಿ ಅವನ ಮುಂದಿಟ್ಟೆ.

"ಯಾರು ತುಂಬ್ಯಾರಿದು?"

ಅವನು ಸುಳ್ಳು ಹೇಳಲಿಲ್ಲ. "ನಾನೇ ತುಂಬಿಸೀನಿ."

"ಯಾಕ?"

"ಅವತ್ತು ಟ್ಯಾಂಕಿನ ಹಿಂದ ನೀವು ಅಳೋದು ನೋಡಿದೆ. ಕರಾರಿನ ವಿಷಯ ಚಾಚಾ ಹೇಳಿದ್ರು. ನನ್ನ ಕಾರಿನ ಸಲುವಾಗಿ ನೀವು ಉದಗೀರಕ್ಕ ಹೋಗೋದು... ನನಗ ತಡೀಲಿಕ್ಕಾಗ್ಲಿಲ್ಲರಿ. ಗೇರ್ ಹಾಳಾದ್ರ ಆಗಲಿ ಅಂದೆ."

ಅಜ್ಜಿಯ ಕಥೆಯಲ್ಲಾಗಿದ್ದರೆ ಇಲ್ಲಿ ಹುಡುಗಿ ಕರಗಿ ನೀರಾಗುತ್ತಿದ್ದಳು. ನನಗೆ ಕಿವಿಯವರೆಗೆ ಬೆಂಕಿ ಏರಿತು.

"ಪೇಡಾ ಹಂಚೀನಿ ನಾ. ಅಪ್ಪ ತಲಿ ಮ್ಯಾಲ ಕೈ ಇಟ್ಟಾನ. ಯಾತಕ್ಕ ಇಟ್ಟ? ಕಟ್ಟಿಗಿ ಪುಡಿಗೇನು? ಸೋತಿದ್ರ ಅದು ನನ್ನ ಸೋಲಾಗಿತ್ತು ರವಿಕಿರಣ. ಅದನ್ನೂ ಕಸ್ಕೊಂಡ್ರಿ ನೀವು."

"ನಿಮಗ ಒಳ್ಳೇದಾಗಲಿ ಅಂತ..."

"ನನ್ನ ಒಳ್ಳೇದು ನನ್ನ ಕೇಳ್ದ ಮಾಡಬ್ಯಾಡ್ರಿ. ಎದ್ದು ಹೋಗ್ರಿ ಇಲ್ಲಿಂದ."

ಹೋದ. ಕೆಂಪು ಕಾರು ಚಕ್ರ ನೆಲಕ್ಕೆ ತಾಗದೆ ಮೇಲೆ ತೂಗುತ್ತಿತ್ತು.

ಅವತ್ತು ಸಂಜೆ ಬಸ್ಸಿನಲ್ಲಿ ಭಾಲ್ಕಿಯವರೆಗೆ ಒಂದೇ ಯೋಚನೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ, ಕೆಲಸ ನನ್ನದಾಗಿಯೇ ಉಳಿಯುತ್ತದೆ. ಮನೆಗೆ ಬಂದವಳೇ ಅಪ್ಪನ ಮುಂದೆ ನಿಂತು ಎಲ್ಲ ಹೇಳಿದೆ. ಹೇಳುವಾಗಲೂ ಸಿಟ್ಟಿನಲ್ಲೇ ಹೇಳಿದೆ. ಅಪ್ಪ ಕೈಯಲ್ಲಿದ್ದ ತಂಬಿಗೆಯನ್ನು ಕುಕ್ಕಿದ. ಮೋಸದ ಮೇಲೆ ಇನ್ನೆಂಥ ಕರಾರು, ಪಾಡ್ಯದ ಮರುದಿನ ಉದಗೀರದವರನ್ನು ಕರೆಯುತ್ತೇನೆ ಎಂದ. ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ಅಜ್ಜಿ ಗೋಡೆಗೊರಗಿದವಳು ನೆಟ್ಟಗಾದಳು. "ಗಡು ಮುಗಿದಿಲ್ಲ ದತ್ತು. ದಿವಾಳಿ ಇನ್ನಾ ಬಂದಿಲ್ಲ. ಮಾತು ಅಂದ್ರ ಮಾತು ಅಂದಾವ ನೀನೇ."

ತಾಯಿಯ ಮಾತಿಗೆ ಅಪ್ಪ ಎದುರಾಡಲಿಲ್ಲ, ಒಪ್ಪಿದೆ ಎಂದೂ ಹೇಳಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಮರುದಿನ ರವಿಕಿರಣ ಏನು ಮಾಡಿದನೆಂದರೆ, ನೆಟ್ಟಗೆ ಗಂಜಿಗೆ ಹೋಗಿ ಅಪ್ಪನ ಅಂಗಡಿಯಲ್ಲಿ ಹಗ್ಗದ ಗಂಟುಗಳ ನಡುವೆ ನಿಂತು ಕೈಮುಗಿದ. ತಪ್ಪೆಲ್ಲ ತನ್ನದು, ಚಂದ್ರಭಾಗಾರದೇನಿಲ್ಲ, ಅವರನ್ನು ಕೆಲಸ ಬಿಡಿಸಬೇಡಿ, ಬೇಕಾದರೆ ಕಾರನ್ನೇ ಗುಜರಿಗೆ ಹಾಕುತ್ತೇನೆ ಎಂದು ಬೇಡಿಕೊಂಡ. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದ, ನಿನ್ನ ಪರವಾಗಿ ಮಾತಾಡಲು ಅವನು ನಿನಗೇನಾಗಬೇಕು ಎಂದು. ನನ್ನೊಳಗೆ ಇದ್ದದ್ದು ಸಿಟ್ಟು. ನಾನು ಬೇಡ ಎಂದ ಮರುದಿನವೇ ಅವನು ಮತ್ತೆ ಅದನ್ನೇ ಮಾಡಿದ್ದ. ಮೊದಲು ಗೇರಿನ ಬಾಯಿಗೆ ಪುಡಿ ತುಂಬಿದ, ಈಗ ನನ್ನ ಬಾಯಿಗೆ.

ನಿಜ ಹೇಳುತ್ತೇನೆ, ಸಿಟ್ಟಿನ ಕೆಳಗೆ ಇನ್ನೊಂದಿತ್ತು. ಬಸ್ಸಿನ ಕಿಟಕಿಯಲ್ಲಿ ತಲೆಯಿಟ್ಟು ಅವನನ್ನು ಬೈಯಲು ಒಳ್ಳೊಳ್ಳೆಯ ಮಾತು ಹುಡುಕುತ್ತ ಕೂತಾಗ, ಅವನ ಧೂಳು ಹಿಡಿದ ರೆಪ್ಪೆ ಎದುರು ಬಂದು ಮಾತು ಮರೆತುಹೋಗುತ್ತಿತ್ತು. ಮರೆತದ್ದಕ್ಕೆ ಮತ್ತೆ ಸಿಟ್ಟು.

ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಒಂದೊಂದು ಹಲ್ಲಿನ ಸಂದಿಯಿಂದ ಪುಡಿ ಕೆದರಿದೆ. ಬೇರಿಂಗ್ ಹೋಗಿದ್ದವು. ಹೊಸವು ಹೈದರಾಬಾದಿನಿಂದ ಬಂದವು, ರವಿಕಿರಣ ತಂದು ಬಾಗಿಲಲ್ಲಿಟ್ಟು ಒಳಗೆ ಬಾರದೆ ಹೋದ. ಇನ್ನು ಹಲ್ಲಿನ ಗುರುತು ನೋಡಬೇಕು. ನಮ್ಮ ಗ್ಯಾರೇಜಿನಲ್ಲಿ ಅದಕ್ಕೆ ಸಿಂಧೂರ. ಹನುಮಪ್ಪನಿಗೆ ಹಚ್ಚುತ್ತಾರಲ್ಲ, ಅದನ್ನೇ ಎಣ್ಣೆಯಲ್ಲಿ ಕಲಸಿ ಕ್ರೌನಿನ ಹಲ್ಲಿಗೆ ತೆಳ್ಳಗೆ ಬಳಿದು ಪಿನಿಯನ್ ತಿರುಗಿಸುವುದು. ಎಲ್ಲಿ ಹಲ್ಲು ಹಲ್ಲಿಗೆ ತಾಗುತ್ತದೋ ಅಲ್ಲಿ ಸಿಂಧೂರ ಅಳಿಸಿ ಗುರುತು ಮೂಡುತ್ತದೆ.

ಹಿಂದೆ ಎರಡೂ ಸಲ ಗುರುತು ಚೆನ್ನಾಗಿಯೇ ಮೂಡಿತ್ತು. ಆದರೂ ಕಾರು ಅತ್ತಿತ್ತು. ಅದು ಯಾಕೆಂದು ಚಾಚಾನನ್ನು ಕೇಳಿದೆ. ಬೇರೆಯವರ ಕೈ ಹತ್ತಬಾರದೆಂಬ ಕರಾರಿಗಾಗಿ ಅವನು ಇಷ್ಟು ದಿನ ಬಾಯಿ ಬಿಗಿಹಿಡಿದು ಕೂತಿದ್ದ. ರಸ್ತೆಯ ಮೇಲೆ ಕಾರಿನ ಭಾರವೇ ಕ್ರೌನನ್ನು ತಡೆದು ಹಿಡಿಯುತ್ತದೆ, ಇಲ್ಲಿ ಯಾರೂ ತಡೆಯದೆ ತಿರುಗಿಸಿದರೆ ಬರುವುದು ಸುಳ್ಳು ಗುರುತು ಎಂದ. ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ಬಲ ಹಾಕಿ ತಡೆಯಬೇಕು. ತನ್ನ ತೋಳಲ್ಲಿ ಈಗ ಆ ಬಲವಿಲ್ಲ ಎಂದ.

ನಾನು ಅಪ್ಪನನ್ನು ಕೇಳಿದೆ. ತಡೆದು ಹಿಡಿಯಲು ಒಬ್ಬರು ಬೇಕು, ಅದು ಕರಾರು ಮುರಿದಂತೆಯೋ?

ಅಪ್ಪ ಸುತ್ತುತ್ತಿದ್ದ ಹಗ್ಗವನ್ನು ಕೆಳಗಿಟ್ಟ. "ಆ ಫೋಟೋದವನೇ ಹಿಡೀಲಿ" ಎಂದ. "ಭಾಳ ಮಾತಾಡ್ತಾನ ಅವ. ಹಿಡಿಯೋದು ಮುಗಿಯೋ ತನಕ ಬಾಯಿ ಬಿಚ್ಚಬಾರದು. ಬಿಚ್ಚಿದ್ರ ಕರಾರು ಮುಗೀತು."

ರವಿಕಿರಣ ಬಂದ, ಶರ್ಟಿನ ತೋಳು ಮಡಚಿದ. ಷರತ್ತು ಹೇಳಿದೆ, ತಲೆಯಾಡಿಸಿದ. ಮೇಜಿನ ಆಚೆ ಅವನು, ಈಚೆ ನಾನು, ನಡುವೆ ಸಿಂಧೂರ ಬಳಿದ ಕ್ರೌನ್. ಅವನ ಎರಡೂ ಅಂಗೈ ಅದನ್ನು ಹಿಡಿದವು. ನಾನು ಪಿನಿಯನ್ ತಿರುಗಿಸಿದೆ. ಹಗುರ, ಬೆಣ್ಣೆಯ ಹಾಗೆ ತಿರುಗಿತು. ನನಗೆ ಭಾರವಾಗಬಾರದೆಂದು ಕೈ ಸಡಿಲ ಬಿಟ್ಟಿದ್ದ.

"ಗಟ್ಟಿ ಹಿಡೀರಿ."

ಸ್ವಲ್ಪ ಬಿಗಿ ಮಾಡಿದ.

"ಇದರಾಗೂ ಬುರಾದಾ ತುಂಬ್ತೀರೇನು? ನನ್ನ ಮ್ಯಾಲ ದಯಾ ತೋರಸಬ್ಯಾಡ್ರಿ. ನಾ ತಿರುಗಿಸ್ತೇನಿ, ನಿಮ್ಮ ಕಡಿಂದ ಆದಷ್ಟು ತಡೀರಿ."

ಅವನ ಕಿವಿ ಕೆಂಪಾದವು. ಈಗ ಹಿಡಿದ. ಕುತ್ತಿಗೆಯ ನರ ಉಬ್ಬಿತು. ನಾನು ಇಡೀ ಮೈಯ ಭಾರ ಹಾಕಿ ತಿರುಗಿಸಿದೆ, ಅವನು ಇಡೀ ಮೈಯ ಭಾರ ಹಾಕಿ ತಡೆದ. ಹಲ್ಲು ಹಲ್ಲಿಗೆ ಕಚ್ಚಿಕೊಂಡು ಅಂಗುಲ ಅಂಗುಲವಾಗಿ ಸರಿದವು. ಅವನು ಕಣ್ಣೆತ್ತಿ ನನ್ನನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಇಬ್ಬರೂ ಏದುಸಿರು ಬಿಡುತ್ತಿದ್ದೆವು, ಯಾರೂ ಬಿಟ್ಟುಕೊಡಲಿಲ್ಲ. ಇಷ್ಟು ದಿನಗಳಲ್ಲಿ ಅವನು ನನಗೆ ಮಾಡಿದ ಮೊದಲ ಮರ್ಯಾದೆ ಅದು.

ಬಗ್ಗಿ ನೋಡಿದರೆ ಗುರುತು ಬೇರೆಯೇ ಕಡೆ ಮೂಡಿತ್ತು. ಹಳೆಯ ಹಲ್ಲಿನ ಮೇಲೆ, ಎಷ್ಟೋ ವರ್ಷ ಕೂಡಿ ತಿರುಗಿ ಸವೆದ ನುಣುಪಾದ ಪಟ್ಟಿ ಒಂದಿತ್ತು. ಪುಸ್ತಕದ ಅಳತೆ ಹೊಸ ಹಲ್ಲಿಗೆ. ಇವು ತಮ್ಮದೇ ಜಾಗ ಮಾಡಿಕೊಂಡಿದ್ದವು, ನಾನು ಅವನ್ನು ಆ ಜಾಗದಿಂದ ಎಬ್ಬಿಸಿ ಕೂರಿಸುತ್ತಿದ್ದೆ. ಶಿಮ್ ತೆಗೆದೆ, ತೆಳ್ಳನೆಯದು ಹಾಕಿದೆ, ಮತ್ತೆ ಬಳಿದೆ, ಮತ್ತೆ ತಿರುಗಿಸಿದೆ. ಸಂಜೆಯ ಬಸ್ಸಿನ ಹೊತ್ತಾಯಿತು.

ಬಸ್ಸಿನಲ್ಲಿ ಹೆಂಗಸರು ನನ್ನನ್ನು ನೋಡಿ ಜಾಗ ಬಿಟ್ಟುಕೊಟ್ಟರು. ಒಬ್ಬಳು ಹೊಸದಾಗಿ ಆಯಿತೇ ಎಂದು ಕೇಳಿದಳು. ಕಾರಿನ ಕೆಲಸದ ಬಗ್ಗೆ ಎಂದುಕೊಂಡು, ಇನ್ನೂ ಪೂರ್ತಿ ಆಗಿಲ್ಲ, ನಾಳೆ ಆಗಬಹುದು ಎಂದೆ. ಮನೆಯಲ್ಲಿ ಅಜ್ಜಿ ಗಲ್ಲ ಹಿಡಿದು ದೀಪಕ್ಕೆ ತಿರುಗಿಸಿದಳು.

"ಯಾರ ಹಚ್ಚ್ಯಾರೇ ಇದು?"

ಬೆವರು ಒರೆಸಿಕೊಂಡಾಗ ಹೊಸ ಮದುಮಗಳ ಹಾಗೆ ಬೈತಲೆಯಿಂದ ಹಣೆಯವರೆಗೆ ಸಿಂಧೂರ ಉದ್ದಕ್ಕೆ ಹತ್ತಿತ್ತು. ಅಜ್ಜಿ ಸೆರಗಿನಿಂದ ಉಜ್ಜುತ್ತ ನಗುತ್ತಲೇ ಇದ್ದಳು. ನಾನು ಹಲ್ಲು ಕಚ್ಚಿದೆ. ಮರುದಿನ ಗ್ಯಾರೇಜಿಗೆ ಕಾಲಿಟ್ಟವಳೇ ರವಿಕಿರಣನನ್ನು ಹಿಡಿದೆ, ನೋಡಿಯೂ ಯಾಕೆ ಹೇಳಲಿಲ್ಲ ಎಂದು. ಅವನು ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಬಾಯಿ ಬಿಚ್ಚುವಂತಿಲ್ಲವಲ್ಲ. ಮೂಗಿನ ಹೊಳ್ಳೆಗಳಲ್ಲಿ ನಗು ತಡೆದಿತ್ತು. ಚಾಚಾ ಮಾತ್ರ ತಡೆಯದೆ ನಕ್ಕ.

ಅವತ್ತು ಮಧ್ಯಾಹ್ನ ಗುರುತು ಹಳೆಯ ಪಟ್ಟಿಯ ಮೇಲೆ ಬಂದು ಕೂತಿತು. ಅಂಚಿಗೆ ಅಂಚು. ಬೋಲ್ಟು ಬಿಗಿದೆ, ಹೌಸಿಂಗ್ ಮುಚ್ಚಿದೆ, ಹೊಸ ಎಣ್ಣೆ ಹೊಯ್ದೆ.

"ಹಿಡಿಯೋದು ಮುಗೀತು" ಎಂದೆ. "ಈಗ ಮಾತಾಡ್ರಿ, ಏನರೆ ಇದ್ರ."

ಅವನು ಗಂಟಲು ಸರಿಮಾಡಿಕೊಂಡ. ಇಷ್ಟು ಹೊತ್ತಿನ ಮೌನಕ್ಕೆ ದನಿ ಒಡೆದಿತ್ತು. "ನಿಮ್ಮ ಬದಲಿಗೆ ಇನ್ನ ಎಂದೂ ಮಾತಾಡಂಗಿಲ್ಲರಿ ನಾ. ನನ್ನ ಬಗ್ಗೆ ಅಷ್ಟೇ ಹೇಳ್ತೇನಿ. ನನಗ ನೀವು ಬೇಕು, ಚಂದ್ರಾ. ಕೈಯಾಗ ಪಾನಾ ಹಿಡಿದು ಬೈಯೋ ನೀವೇ ಬೇಕು. ನೀವೇನು ಹೇಳ್ತೀರೋ ಅದು ನಿಮ್ಮದು."

ಮಿಸ್ತ್ರಿಬಾಯಿ ಎನ್ನಲಿಲ್ಲ. ನನ್ನ ಎದೆ ಕಾರಿನಂತೆಯೇ ಸದ್ದು ಮಾಡಿತು. ಅದನ್ನು ಅವನಿಗೆ ಕೇಳಿಸಬಾರದೆಂದು ಚಿಂದಿಬಟ್ಟೆಯಿಂದ ಕೈ ಜೋರಾಗಿ ಒರೆಸಿಕೊಂಡೆ.

"ಸದ್ದು ಹೋಗಲಿ ಮೊದಲ. ಆಮ್ಯಾಲ ಹೇಳ್ತೇನಿ."

"ಹೋಗದಿದ್ರ?"

"ಹೋಗದಿದ್ರ ನಿಮ್ಮ ಮ್ಯಾಲಿನ ಸಿಟ್ಟು ಗಂಟು ಕಟ್ಕೊಂಡು ಉದಗೀರಕ್ಕ ಹೋಗ್ತೇನಿ."

ದಿವಾಳಿಯ ಹಿಂದಿನ ದಿನ. ಭಾಲ್ಕಿಯ ನಮ್ಮ ಮನೆಯ ಮುಂದೆ ಕಾರು ನಿಂತಿತು. ಅಪ್ಪ ಬಂದ. ಈ ಸಲ ಕೂರುವ ಮೊದಲು ಬಗ್ಗಿ ಕಾರಿನ ಕೆಳಗೆ ನೋಡಿ, ಬಿರಡೆ ತೆಗೆದು ತೋರಿಸು ಎಂದ. ತೆಗೆದೆ. ಜೇನಿನಂಥ ಎಣ್ಣೆ ಎಳೆಯಾಗಿ ಇಳಿಯಿತು. ಅದನ್ನು ಬೆರಳಲ್ಲಿ ಉಜ್ಜಿ, ಮೂಸಿ, ಧೋತಿಗೆ ಒರೆಸಿಕೊಂಡು ಬಾಗಿಲು ತೆಗೆದು ಕೂತ. ಇಳಿದಷ್ಟು ಎಣ್ಣೆಯನ್ನು ಮತ್ತೆ ತುಂಬಿ ನಾನೂ ಕೂತೆ. ಸೀಟು ಎರಡೇ. ರವಿಕಿರಣ ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಉಳಿದ, ಅಜ್ಜಿ ಆಗಲೇ ಅವನಿಗೇನೋ ಕಥೆ ಶುರುಮಾಡಿದ್ದಳು.

ಊರು ದಾಟಿ ಔರಾದದ ರಸ್ತೆ ಹಿಡಿದೆ. ಎರಡೂ ಕಡೆ ತೊಗರಿ ಹೂಬಿಟ್ಟಿತ್ತು. ಅಪ್ಪ ಕುತ್ತಿಗೆ ಹಿಂದಕ್ಕೆ ತಿರುಗಿಸಿ ಸೀಟಿನ ಬೆನ್ನಿಗೆ ಕಿವಿ ಹಚ್ಚಿದ್ದ.

"ಜೋರ ಮಾಡು."

ಮಾಡಿದೆ.

"ಬಿಡು ಕಾಲು."

ಬಿಟ್ಟೆ. ಇಲ್ಲೇ ಅದು ಪ್ರತಿಸಲ ಅಳಲು ಶುರುಮಾಡುತ್ತಿದ್ದದ್ದು. ಗಾಳಿ, ಟೈರಿನ ಕೆಳಗೆ ಕಡಿಗಲ್ಲು, ಎಲ್ಲೋ ಕೌಜುಗ ಹಕ್ಕಿಯ ಕೂಗು. ಅಷ್ಟೇ.

ಅಪ್ಪ ಇನ್ನೊಂದು ಸಲ ಎಂದ. ಏರಿನಲ್ಲಿ ಎಂದ. ಇಳಿಜಾರಿನಲ್ಲಿ ಎಂದ. ಆಮೇಲೆ ಮುಂದಕ್ಕೆ ತಿರುಗಿ ಕೂತ. ಕೇಳಿದ್ದು ಮೆಲ್ಲಗೆ, ಆದರೂ ಪ್ರತಿಯೊಂದು ಅಕ್ಷರ ನನಗೆ ಮುಟ್ಟಿತು.

"ಚಂದ್ರಾ. ಆ ಹುಡುಗ ಬೇಕೇನು ನಿನಗ?"

"ಬೇಕು ಅಪ್ಪಾ. ಸಿಟ್ಟು ಇನ್ನಾ ಅದ ಅವನ ಮ್ಯಾಲ."

"ಇರಲಿ ಬಿಡು. ನಿಮ್ಮವ್ವಗ ನನ್ನ ಮ್ಯಾಲ ಇವತ್ತಿಗೂ ಅದ."

ಅಪ್ಪ ಜೇಬಿನಿಂದ ಫೋನು ತೆಗೆದ. ಉದಗೀರದವರಿಗೆ ಹಬ್ಬದ ಶುಭಾಶಯ ಹೇಳಿದ, ಮಗಳಿಗೆ ಕೈತುಂಬ ಕೆಲಸವಿದೆ, ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದ. ಆಚೆಯವರು ಏನೋ ಕೇಳಿದರು.

"ಇಲ್ಲರಿ, ಮನ್ಯಾಗಿಲ್ಲ. ಮಗಳ ಕೂಡ ಕಾರಿನಾಗ ಹೊಂಟೀನಿ" ಎಂದ ಅಪ್ಪ. "ಹೌದ್ರಿ, ಓಡ್ಲತ್ತದ. ಸದ್ದಿಲ್ಲ."

ನಾನು ಒತ್ತಿದೆ. ಬಿಟ್ಟೆ. ಮತ್ತೆ ಒತ್ತಿದೆ. ಹಿಂದಿನಿಂದ ಏನೂ ಬರಲಿಲ್ಲ.